ಕೋಳಿಯ ಮೇವಿನ ಚೀಲ: ಕಾಳು ಕಟ್ಟಿದ ಹಳೆಯ ಕಥೆ



ಬೆಳಗಾಗೆದ್ದು ಕೋಳಿಗೂಡಿನ ಬಾಗಿಲು ತೆಗೆಯುತ್ತೀರಿ. ಎಲ್ಲವೂ ಒಂದರ ಮೇಲೊಂದು ಬಿದ್ದು ತಿಪ್ಪೆಯ ಕಡೆಗೆ ಓಡುತ್ತವೆ. ಒಂದು ಹ್ಯಾಟೆ ಮಾತ್ರ ಮೂಲೆಯಲ್ಲೇ ನಿಂತಿದೆ. ರೆಕ್ಕೆ ಜೋತಿದೆ, ಕಣ್ಣು ಅರೆಮುಚ್ಚಿದೆ. ಕತ್ತಿನ ಬುಡದಲ್ಲಿ, ಬಲಗಡೆಗೆ, ನಿಂಬೆಹಣ್ಣಿಗಿಂತ ದೊಡ್ಡದಾದ ಒಂದು ಉಬ್ಬು. ರಾಗಿ ಚೆಲ್ಲಿದರೆ ನೋಡುತ್ತದೆ, ಕೊಕ್ಕು ಹಾಕುವುದಿಲ್ಲ. ಅಷ್ಟರಲ್ಲಿ ನೆರೆಹೊರೆಯವರು ಸೇರುತ್ತಾರೆ. “ಕಾಳು ಕಟ್ಟಿದೆ ಕಣಮ್ಮ, ಒಂದಿಷ್ಟು ಎಣ್ಣೆ ಹುಯ್ಯಿ” ಅಂತ ಒಬ್ಬರು. “ತಲೆಕೆಳಗು ಹಿಡಿದು ಹಿಂಡು, ಎಲ್ಲಾ ಬಂದುಬಿಡ್ತದೆ” ಅಂತ ಇನ್ನೊಬ್ಬರು. “ಕೊಯ್ದು ತೆಗೆದು ಹೊಲಿದುಬಿಡೋಣ” ಅಂತ ಧೈರ್ಯವಂತರು. ಕೊನೆಗೆ ಯಾರೋ, “ಸಾಯೋ ಮೊದಲು ಸಾರಿಗಾದರೂ ಆಗಲಿ” ಅಂದುಬಿಡುತ್ತಾರೆ.

ಈ ನಾಲ್ಕು ಮಾತೂ ನಿನ್ನೆ ಮೊನ್ನೆ ಹುಟ್ಟಿದವಲ್ಲ. ಕೋಳಿ ಸಾಕಿದ ದೇಶಗಳಲ್ಲೆಲ್ಲ ಇವೇ ಮಾತುಗಳನ್ನು ಆಡಿದ್ದಾರೆ, ಇವನ್ನೇ ಮಾಡಿ ನೋಡಿದ್ದಾರೆ. ಮಾಡಿ ನೋಡಿದ್ದರಲ್ಲಿ ಏನು ನಿಂತಿತು, ಏನು ಬಿದ್ದುಹೋಯಿತು ಎಂಬುದೇ ಇವತ್ತಿನ ವಿಷಯ. ಕೋಳಿಯ ಒಂದು ಚೀಲಕ್ಕೂ ಚರಿತ್ರೆಯೇ ಎಂದು ನಗಬೇಡಿ. ಕೋಳಿ ಮೊಟ್ಟೆಯ ದುಡ್ಡು ಮನೆಯ ಹೆಂಗಸರ ಕೈಗೆ ನೇರವಾಗಿ ಬರುವ ದುಡ್ಡು. ಮಕ್ಕಳ ಪುಸ್ತಕಕ್ಕೆ, ಉಪ್ಪು ಎಣ್ಣೆಗೆ, ಹಬ್ಬದ ದಿನದ ಬಳೆಗೆ ಅದೇ ಆಧಾರ. ಆ ಉಬ್ಬನ್ನು ತಪ್ಪಾಗಿ ತಿಳಿದರೆ ಒಂದು ಕೋಳಿಯಷ್ಟೇ ಅಲ್ಲ, ಇಡೀ ಊರಿನ ಕೋಳಿಗಳೇ ಹೋಗಿಬಿಡಬಹುದು. ಅದು ಹೇಗೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಚೀಲ ಯಾವುದು ಎಂಬುದನ್ನು ನೋಡೋಣ. ಕೋಳಿಗೆ ಹಲ್ಲಿಲ್ಲ. ನುಂಗಿದ ಕಾಳು ಗಂಟಲಿನಿಂದ ನೇರವಾಗಿ ಹೊಟ್ಟೆಗೆ ಹೋಗುವುದಿಲ್ಲ. ಕತ್ತಿನ ಬುಡದಲ್ಲಿ ಅನ್ನನಾಳವೇ ಹಿಗ್ಗಿ ಒಂದು ಚೀಲವಾಗಿದೆ, ಮೊದಲು ಅಲ್ಲಿ ತಂಗುತ್ತದೆ. ಇದನ್ನು ನಾವು ಮೇವಿನ ಚೀಲ ಎನ್ನೋಣ. ಅಲ್ಲಿ ಕಾಳು ನೆನೆದು ಮೆತ್ತಗಾಗಿ, ಸ್ವಲ್ಪ ಸ್ವಲ್ಪವಾಗಿ ಕೆಳಗಿಳಿಯುತ್ತದೆ. ಕೆಳಗೆ ದಪ್ಪ ಮಾಂಸದ ಇನ್ನೊಂದು ಹೊಟ್ಟೆ ಇದೆ. ಕೋಳಿ ಹೆಚ್ಚುವಾಗ ಸೀಳಿ, ಒಳಗಿನ ಮರಳು ಕಲ್ಲು ತೆಗೆದು, ಹಳದಿ ಪೊರೆ ಸುಲಿಯುತ್ತೀರಲ್ಲ, ಅದೇ. ಅದು ಕೋಳಿಯ ಬೀಸುವ ಕಲ್ಲು. ಮೇಲಿನದು ಕಣಜ, ಕೆಳಗಿನದು ಬೀಸುಕಲ್ಲು ಎಂದುಕೊಂಡರೆ ಸಾಕು.

ಕಣಜ ಏಕೆ ಬೇಕಾಯಿತು? ನಮ್ಮ ಮನೆಗೋಳಿಯ ಹಿರಿಯರು ಕಾಡಿನವರು. ಕಾಡುಕೋಳಿ ಬಯಲಿಗೆ ಬಂದು ನಿಧಾನವಾಗಿ ಊಟ ಮಾಡುತ್ತಾ ಕೂತರೆ ನರಿಯೋ ಹದ್ದೋ ಅದನ್ನೇ ಊಟ ಮಾಡುತ್ತದೆ. ಆದುದರಿಂದ ಬೇಗ ಬೇಗ ಹೆಕ್ಕಿ, ಚೀಲ ತುಂಬಿಕೊಂಡು, ಪೊದೆಗೆ ನುಗ್ಗಿ, ಅಲ್ಲಿ ಕುಳಿತು ಜೀರ್ಣ ಮಾಡಿಕೊಳ್ಳಬೇಕು. ಸಂಜೆ ಗೂಡಿಗೆ ಬರುವ ಕೋಳಿಯ ಎದೆ ಉಬ್ಬಿರುವುದು ಇದಕ್ಕೇ. ರಾತ್ರಿಯ ಬುತ್ತಿ ಅದು. ೨೦೨೨ರಲ್ಲಿ ಪ್ರಕಟವಾದ ಒಂದು ದೊಡ್ಡ ಸಂಶೋಧನೆಯಲ್ಲಿ, ಲೋಕದ ನೂರಾರು ಕಡೆ ಸಿಕ್ಕ ಹಳೆಯ ಕೋಳಿ ಮೂಳೆಗಳನ್ನು ಪರೀಕ್ಷಿಸಿದರು. ಸಾಕುಕೋಳಿಯೆಂದು ನಂಬಿಕೆಯಿಂದ ಹೇಳಬಹುದಾದ ಅತಿ ಹಳೆಯ ಮೂಳೆಗಳು ಥಾಯ್ಲೆಂಡಿನ ಬಾನ್ ನಾನ್ ವಾಟ್ ಎಂಬ ಊರಿನವು. ಸುಮಾರು ೩,೫೦೦ ವರ್ಷ ಹಿಂದಿನವು. ಅಲ್ಲಿ ಬತ್ತ, ನವಣೆಯಂಥ ಕಿರುಧಾನ್ಯ ಬೆಳೆಯತೊಡಗಿದಾಗ ಕಾಡುಕೋಳಿ ಕಾಳಿನ ಆಸೆಗೆ ಊರಂಚಿಗೆ ಬಂದು ಮನುಷ್ಯನ ಜೊತೆಗಾರನಾಯಿತು ಎಂಬುದು ಅವರ ಅಭಿಪ್ರಾಯ. ಅಂದರೆ ಆ ಚೀಲವೇ ಕೋಳಿಯನ್ನು ನಮ್ಮ ಹಿತ್ತಲಿಗೆ ಎಳೆದು ತಂದಿತು ಎನ್ನಬಹುದು! ಇನ್ನೊಂದು ಮಾತು: ಮನೆಗೋಳಿಯ ಮುಖ್ಯ ಮೂಲ ಕೆಂಪು ಕಾಡುಕೋಳಿಯಾದರೂ, ಅನೇಕ ಕೋಳಿಗಳ ಕಾಲು ಮತ್ತು ಚರ್ಮದ ಹಳದಿ ಬಣ್ಣ ಬಂದಿರುವುದು ಬೂದು ಕಾಡುಕೋಳಿಯಿಂದ ಎಂದು ೨೦೦೮ರಲ್ಲಿ ಗೊತ್ತಾಯಿತು. ಆ ಬೂದು ಕೋಳಿ ನಮ್ಮ ಮಲೆನಾಡಿನ ಕಾಡುಗಳಲ್ಲಿ ಈಗಲೂ ಕೂಗುತ್ತದೆ.

ಇನ್ನು ರೋಗದ ಮಾತಿಗೆ ಬರೋಣ. ಕ್ರಿಸ್ತಶಕದ ಮೊದಲ ಶತಮಾನದಲ್ಲಿ ರೋಮನ್ನರ ನಾಡಿನಲ್ಲಿ ಕೊಲುಮೆಲ್ಲ ಎಂಬ ಬೇಸಾಯಗಾರನಿದ್ದ. ಕೃಷಿಯನ್ನು ಕುರಿತು ೧೨ ಭಾಗಗಳ ಗ್ರಂಥ ಬರೆದ. ಎಂಟನೆಯ ಭಾಗದಲ್ಲಿ ಕೋಳಿ, ಪಾರಿವಾಳ, ಬಾತುಗಳ ವಿಚಾರ. ಅದರಲ್ಲಿ ಮರಿಗಳನ್ನು ಕುರಿತು ಅವನು ಹೇಳುವ ಒಂದು ಮಾತು ಇವತ್ತಿಗೂ ಚಿನ್ನದಂಥದು. ಹೊಸ ಮೇವು ಹಾಕುವ ಮೊದಲು ಮರಿಗಳ ಕೊರಳು ಮುಟ್ಟಿ, ನಿನ್ನೆಯ ಮೇವು ಉಳಿದಿದೆಯೇ ಎಂದು ನೋಡಬೇಕಂತೆ. ಉಳಿದಿದ್ದರೆ ಅಜೀರ್ಣ, ಅದು ಕರಗುವ ತನಕ ಮೇವು ಹಾಕಕೂಡದಂತೆ. ಎರಡು ಸಾವಿರ ವರ್ಷ ಕಳೆದರೂ ಪಶುವೈದ್ಯರು ಹೇಳುವ ಮೊದಲ ಪರೀಕ್ಷೆ ಇದೇ. ಸಂಜೆ ತುಂಬಿರಬೇಕು, ಬೆಳಿಗ್ಗೆ ಖಾಲಿಯಾಗಿರಬೇಕು. ಬೆಳಿಗ್ಗೆ ಮೇವು ಚೆಲ್ಲುವ ಮೊದಲೇ ಮುಟ್ಟಿ ನೋಡದೆ, ಮಧ್ಯಾಹ್ನ ಉಬ್ಬಿದ್ದನ್ನು ಕಂಡು ರೋಗ ಅಂದರೆ ಅದು ರೋಗವಲ್ಲ, ಊಟ!

ಅದೇ ಕೊಲುಮೆಲ್ಲ ಇನ್ನೊಂದು ರೋಗವನ್ನೂ ಹೇಳುತ್ತಾನೆ. ಕೋಳಿಯ ನಾಲಿಗೆಯ ತುದಿಗೆ ಬಿಳಿ ಪೊರೆ ಕಟ್ಟುವ ರೋಗ. ಅದಕ್ಕೆ ಬೆಳ್ಳುಳ್ಳಿಯನ್ನು ಬಿಸಿ ಎಣ್ಣೆಯಲ್ಲಿ ಅದ್ದಿ ಗಂಟಲಿಗೆ ತುರುಕುವುದು, ಉಗುರುಬೆಚ್ಚಗಿನ ಮನುಷ್ಯರ ಮೂತ್ರ ಬಾಯಿಗೆ ಹಾಕಿ ಕೊಕ್ಕು ಒತ್ತಿ ಹಿಡಿಯುವುದು, ಹೀಗೆ ಆಗಿನ ಜನ ಮಾಡುತ್ತಿದ್ದ ಚಿಕಿತ್ಸೆಗಳನ್ನು ಬರೆದಿದ್ದಾನೆ. ಮುಂದೆ ಯುರೋಪಿನ ಹಳ್ಳಿಗಳಲ್ಲಿ ಆ ಪೊರೆಯನ್ನು ಉಗುರಿನಿಂದಲೋ ಸೂಜಿಯಿಂದಲೋ ಕಿತ್ತು ತೆಗೆಯುವ ಪದ್ಧತಿ ಬಹಳ ಕಾಲ ನಡೆಯಿತು. ಪಾಪ, ಆ ಪೊರೆ ರೋಗವೇ ಅಲ್ಲ. ನೆಗಡಿಯಿಂದ ಮೂಗು ಕಟ್ಟಿದ ಕೋಳಿ ಬಾಯಿಂದ ಉಸಿರಾಡುತ್ತದೆ, ನಾಲಿಗೆ ಒಣಗಿ ತುದಿ ಗಟ್ಟಿಯಾಗುತ್ತದೆ, ಅಷ್ಟೆ. ರೋಗ ಎದೆಯಲ್ಲಿ, ಚಿಕಿತ್ಸೆ ನಾಲಿಗೆಗೆ! ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ. ಮೇವಿನ ಚೀಲದ ಕಥೆಯಲ್ಲೂ ಹೀಗೇ ಆಯಿತು.

ಆಮೇಲೆ ನೂರಾರು ವರ್ಷ ಹೊಸದೇನೂ ಹೆಚ್ಚಾಗಿ ನಡೆಯಲಿಲ್ಲ. ಕೋಳಿಯ ಹೊಟ್ಟೆಯೊಳಗೆ ನಿಜವಾಗಿ ಏನಾಗುತ್ತದೆ ಎಂದು ಕೈಹಾಕಿ ನೋಡಿದವರು ಇಟಲಿಯವರು. ಫ್ಲಾರೆನ್ಸ್ ನಗರದಲ್ಲಿ ೧೬೫೭ರಲ್ಲಿ ಒಂದು ಪ್ರಯೋಗ ಮಂಡಳಿ ಹುಟ್ಟಿತು. “ಯಾರೋ ಹೇಳಿದರು” ಎಂಬುದನ್ನು ಒಪ್ಪದೆ ಎಲ್ಲವನ್ನೂ ಮಾಡಿಯೇ ನೋಡಬೇಕೆಂಬುದು ಅವರ ಹಟ. ಅವರು ಕೋಳಿ, ಬಾತುಗಳಿಗೆ ಪೊಳ್ಳು ಗಾಜಿನ ಗುಂಡುಗಳನ್ನು ನುಂಗಿಸಿದರು. ಮುಂದೆ ಕೊಯ್ದು ನೋಡಿದರೆ ಗಾಜು ಪುಡಿಪುಡಿ, ಹೊಟ್ಟೆಗೆ ಒಂದು ಗೀರೂ ಇಲ್ಲ! ಇದನ್ನು ೧೬೬೭ರಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದರು. ಗಾಜು ಪುಡಿಯಾದದ್ದು ಕೆಳಗಿನ ಬೀಸುಕಲ್ಲಿನಲ್ಲಿ, ಮೇಲಿನ ಚೀಲದಲ್ಲಲ್ಲ.

ಫ್ರಾನ್ಸಿನ ರಿಯೊಮರ್ ಎಂಬ ವಿದ್ವಾಂಸ ೧೭೫೨ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದ. ಲೋಹದ ಸಣ್ಣ ಕೊಳವೆಗಳಲ್ಲಿ ಕಾಳಿಟ್ಟು ಕಾಳು ತಿನ್ನುವ ಹಕ್ಕಿಗಳಿಗೆ ನುಂಗಿಸಿದ. ಕೊಳವೆ ಗಟ್ಟಿಯಾಗಿ ಉಳಿದರೆ ಒಳಗಿನ ಕಾಳೂ ಹಾಗೇ ಉಳಿಯುತ್ತಿತ್ತು. ಅಂದರೆ ಕಾಳು ಅರೆಯಲೇಬೇಕು, ಇಲ್ಲಾಂದ್ರೆ ಅರಗುವುದಿಲ್ಲ. ಅವನ ಹಿಂದೆ ಬಂದ ಇಟಲಿಯ ಸ್ಪಲ್ಲಂಜಾನಿ ಇನ್ನೂ ಗಟ್ಟಿಗ. ಸೀಸದ ಗುಂಡಿಗೆ ಸೂಜಿಗಳನ್ನು ನೆಟ್ಟು ಟರ್ಕಿ ಕೋಳಿಗೆ ನುಂಗಿಸಿದ. ಸೂಜಿಗಳು ಮುರಿದವು, ಹೊಟ್ಟೆಗೆ ಏನೂ ಆಗಲಿಲ್ಲ. ಹಕ್ಕಿಗಳ ಮೇಲೆ ಇವರೆಲ್ಲ ಮಾಡಿದ್ದು ಕ್ರೂರವೆಂದು ನಿಮಗೆ ಅನ್ನಿಸಬಹುದು, ನನಗೂ ಅನ್ನಿಸುತ್ತದೆ. ಆದರೆ ನಮ್ಮ ವಿಷಯಕ್ಕೆ ಬೇಕಾದ ಸತ್ಯ ಇಲ್ಲಿಂದಲೇ ಬಂತು. ಮೇಲಿನ ಚೀಲಕ್ಕೆ ಅರೆಯುವ ಶಕ್ತಿ ಇಲ್ಲ, ಅದು ಕಾಳನ್ನು ಹಿಡಿದಿಟ್ಟು ನೆನೆಸುತ್ತದೆ ಮಾತ್ರ. ಹಾಗಾದ ಮೇಲೆ ಚೀಲದಲ್ಲಿ ಮೇವು ನಿಂತಿದೆ ಎಂದರೆ ಎರಡರಲ್ಲಿ ಒಂದು. ಅಲ್ಲಿಂದ ಹೊರಡಲಾಗದಂಥ ವಸ್ತು ಒಳಗಿದೆ. ಇಲ್ಲವೆ ಕೆಳಗಿನ ದಾರಿಯೋ, ತಳ್ಳುವ ಶಕ್ತಿಯೋ ಕೆಟ್ಟಿದೆ. ಬಾವಿಯ ನೀರು ಗದ್ದೆಗೆ ಬಾರದಿದ್ದರೆ ತೂಬು ಕಟ್ಟಿದೆಯೋ ಕಾಲುವೆ ಒಡೆದಿದೆಯೋ ನೋಡುವುದಿಲ್ಲವೆ, ಹಾಗೆ.

ಪಾರಿವಾಳದ ವಿಚಾರವನ್ನೂ ಇಲ್ಲಿ ಹೇಳಿಬಿಡುತ್ತೇನೆ, ಬಹಳ ಸೊಗಸಾಗಿದೆ. ಪಾರಿವಾಳ ಮರಿಗೆ ಮೊದಲ ದಿನಗಳಲ್ಲಿ ಕಾಳು ಕೊಡುವುದಿಲ್ಲ. ತನ್ನ ಮೇವಿನ ಚೀಲದ ಒಳಗೋಡೆಯಿಂದ ಮೊಸರಿನಂಥ ಒಂದು ಪದಾರ್ಥ ಕಕ್ಕಿ ತಿನ್ನಿಸುತ್ತದೆ. ಗಂಡು ಹೆಣ್ಣು ಎರಡೂ ಹೀಗೆ ಮಾಡುತ್ತವೆ. ಇಂಗ್ಲೆಂಡಿನ ಶಸ್ತ್ರವೈದ್ಯ ಜಾನ್ ಹಂಟರ್ ಇದನ್ನು ೧೭೮೬ರಲ್ಲಿ ವಿವರಿಸಿದ. ೧೯೩೦ರ ದಶಕದ ಆರಂಭದಲ್ಲಿ ಅಮೆರಿಕದ ಆಸ್ಕರ್ ರಿಡ್ಲ್ ಮತ್ತು ಸಂಗಡಿಗರು, ಆ ಚೀಲವನ್ನು ಹಾಗೆ ಬೆಳೆಸುವ ರಸವೂ ತಾಯಂದಿರ ಎದೆಯಲ್ಲಿ ಹಾಲು ಹುಟ್ಟಿಸುವ ರಸವೂ ಒಂದೇ ಎಂದು ತೋರಿಸಿ ಪ್ರೊಲ್ಯಾಕ್ಟಿನ್ ಎಂದು ಹೆಸರಿಟ್ಟರು. ಆ ರಸ ಎಷ್ಟಿದೆ ಎಂದು ಅಳೆಯಲು ಬಹುಕಾಲ ಪಾರಿವಾಳದ ಚೀಲವೇ ಅಳತೆಗೋಲಾಗಿತ್ತು. ಅದಿರಲಿ, ಕೋಳಿಗೆ ಈ ಹಾಲಿಲ್ಲ.

ಕೊಯ್ದು ಹೊಲಿಯುವ ಚಿಕಿತ್ಸೆ ಜೋರಾಗಿ ಹಬ್ಬಿದ್ದು ೧೯ನೆಯ ಶತಮಾನದಲ್ಲಿ. ೧೮೪೦ರ ದಶಕದಲ್ಲಿ ಚೀನಾದಿಂದ ಭಾರಿ ಗಾತ್ರದ, ಕಾಲಿನ ತುಂಬ ಗರಿಯಿದ್ದ ಕೋಳಿಗಳು ಇಂಗ್ಲೆಂಡಿಗೆ ಬಂದವು. ಕೊಚ್ಚಿನ್ ಎಂದು ಅವಕ್ಕೆ ಹೆಸರು. ನಮ್ಮ ಕೇರಳದ ಕೊಚ್ಚಿಗೂ ಅವಕ್ಕೂ ಸಂಬಂಧವಿಲ್ಲ. ರಾಣಿ ವಿಕ್ಟೋರಿಯಾಳ ಅರಮನೆಯಲ್ಲೂ ಅವನ್ನು ಸಾಕಿದರು. ಜನಕ್ಕೆ ಕೋಳಿ ಹುಚ್ಚು ಹಿಡಿಯಿತು. ೧೮೪೫ರಲ್ಲಿ ಲಂಡನ್ನಿನಲ್ಲಿ, ೧೮೪೯ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಕೋಳಿ ಪ್ರದರ್ಶನಗಳು ನಡೆದವು. ಒಂದೊಂದು ಜೋಡಿಗೆ ಕುದುರೆಯ ಬೆಲೆ ಕೊಟ್ಟು ಕೊಂಡವರು ಕಾಳು ಕಟ್ಟಿತೆಂದು ಸುಮ್ಮನೆ ಸಾರು ಮಾಡಿಯಾರೆ? ಆಗಿನ ಕೋಳಿ ಪುಸ್ತಕಗಳಲ್ಲಿ ಶಸ್ತ್ರಚಿಕಿತ್ಸೆಯ ವಿವರವೇ ಇದೆ. ಮೊದಲು ಎಣ್ಣೆ ಹಾಕಿ ನೀವಿ ನೋಡುವುದು. ಬಗ್ಗದಿದ್ದರೆ ಗರಿ ಕಿತ್ತು, ಚೀಲದ ಮೇಲ್ಭಾಗದಲ್ಲಿ ಒಂದು ಅಂಗುಲ ಸೀಳಿ, ಒಳಗಿನ ಹುಲ್ಲಿನ ಉಂಡೆಯನ್ನು ಚಮಚದ ಹಿಡಿಯಿಂದ ತೆಗೆದು, ತೊಳೆದು ಹೊಲಿಯುವುದು. ಒಳಗಿನ ಚೀಲಕ್ಕೆ ಬೇರೆ ಹೊಲಿಗೆ, ಮೇಲಿನ ಚರ್ಮಕ್ಕೆ ಬೇರೆ. ಎರಡನ್ನೂ ಸೇರಿಸಿ ಹೊಲಿದರೆ ಅಂಟಿಕೊಂಡು ಚೀಲ ಆಡುವುದಿಲ್ಲ. ಈ ಜ್ಞಾನ ಸರಿಯಾದದ್ದೇ. ಈಗಲೂ ಪಶುವೈದ್ಯರು ಮಾಡುವುದು ಹೆಚ್ಚುಕಡಿಮೆ ಇದನ್ನೇ, ಆದರೆ ನೋವಾಗದ ಔಷಧ ಕೊಟ್ಟು, ಶುದ್ಧವಾದ ಸಲಕರಣೆಯಿಂದ. ಮನೆಯ ಈಳಿಗೆಮಣೆ, ಬ್ಲೇಡು, ಬಟ್ಟೆ ಹೊಲಿಯುವ ದಾರದಿಂದ ಮಾಡುವ ಕೆಲಸವಲ್ಲ ಇದು. ಮಾಡಿದರೆ ಕೋಳಿಗೆ ನರಕ, ನಿಮಗೆ ಪಾಪ.

ಆ ಪುಸ್ತಕಗಳನ್ನು ಬರೆದವರಿಗೆ ಒಂದು ವಿಷಯ ಕಾಡುತ್ತಿತ್ತು. ಕೆಲವು ಕೋಳಿಗಳಲ್ಲಿ ಗಟ್ಟಿ ಉಂಡೆ ಸಿಕ್ಕುತ್ತಿತ್ತು, ತೆಗೆದರೆ ಬದುಕುತ್ತಿದ್ದವು. ಕೆಲವುಗಳಲ್ಲಿ ಉಂಡೆಯೇ ಇಲ್ಲ, ಬರಿಯ ಹುಳಿ ನೀರು, ಗಾಳಿ. ಎಣ್ಣೆ ಹಾಕಿದರೂ ಸತ್ತವು, ಕೊಯ್ದರೂ ಸತ್ತವು. ಅದರ ಕಾರಣ ತಿಳಿಯಲು ೨೦ನೆಯ ಶತಮಾನ ಬರಬೇಕಾಯಿತು.

೧೯೦೭ರಲ್ಲಿ ಹಂಗೇರಿಯ ಬುಡಾಪೆಸ್ಟಿನಲ್ಲಿ ಯೋಜೆಫ್ ಮಾರೆಕ್ ಎಂಬ ಪಶುವೈದ್ಯ ಪ್ರಾಧ್ಯಾಪಕರು, ಕಾಲು ರೆಕ್ಕೆ ಬಿದ್ದುಹೋದ ನಾಲ್ಕು ಹುಂಜಗಳನ್ನು ಪರೀಕ್ಷಿಸಿದರು. ನರಗಳು ಊದಿಕೊಂಡಿದ್ದವು. ಈಗ ಅದನ್ನು ಮಾರೆಕ್ಸ್ ರೋಗ ಎನ್ನುತ್ತಾರೆ. ಮಿದುಳಿನಿಂದ ಕತ್ತಿನ ಮೂಲಕ ಇಳಿದು ಮೇವಿನ ಚೀಲವನ್ನು ಆಡಿಸುವ ಒಂದು ನರವಿದೆ. ಈ ರೋಗ ಆ ನರಕ್ಕೆ ತಗುಲಿದರೆ ಚೀಲ ಸೋತುಹೋಗಿ ಜೋತುಬೀಳುತ್ತದೆ, ಮೇವು ಅಲ್ಲೇ ನಿಲ್ಲುತ್ತದೆ. ಎಷ್ಟು ನೀವಿದರೂ ಏನು ಬಂತು? ಎತ್ತಿಗೆ ಶಕ್ತಿಯಿಲ್ಲದಾಗ ಗಾಡಿಯ ಕೀಲಿಗೆ ಎಣ್ಣೆ ಬಿಟ್ಟ ಹಾಗೆ. ಈ ರೋಗದ ವೈರಸ್ಸನ್ನು ಇಂಗ್ಲೆಂಡಿನಲ್ಲಿ ೧೯೬೭ರಲ್ಲಿ ಗುರುತಿಸಿದರು. ಮರಿ ಮೊಟ್ಟೆಯೊಡೆದ ದಿನವೇ ಹಾಕುವ ಲಸಿಕೆ ಸ್ವಲ್ಪ ಕಾಲದಲ್ಲೇ ಬಂತು. ಬಂದ ಮೇಲೆ ವಾಸಿಮಾಡುವ ಮದ್ದಂತೂ ಇಲ್ಲ.

ನಮ್ಮ ಹಳ್ಳಿಗಳಿಗೆ ಇದಕ್ಕಿಂತ ದೊಡ್ಡ ಪೀಡೆ ಕೊಕ್ಕರೆ ರೋಗ. ೧೯೨೬ರಲ್ಲಿ ಜಾವಾ ದ್ವೀಪದಲ್ಲಿಯೂ ಇಂಗ್ಲೆಂಡಿನ ನ್ಯೂಕಾಸಲ್ ಪಟ್ಟಣದ ಸುತ್ತಮುತ್ತಲೂ ಕೋಳಿಗಳು ರಾಶಿರಾಶಿಯಾಗಿ ಸತ್ತವು. ಮರುವರ್ಷ ಡಾಯ್ಲ್ ಎಂಬ ವಿಜ್ಞಾನಿ ಇದು ಹೊಸ ವೈರಸ್ ರೋಗವೆಂದು ತೋರಿಸಿ ಆ ಪಟ್ಟಣದ ಹೆಸರನ್ನೇ ಇಟ್ಟರು. ಅದೇ ಸುಮಾರಿಗೆ ಈಗಿನ ಉತ್ತರಾಖಂಡದ ರಾಣಿಖೇತದಲ್ಲಿ ಕಂಡಿತು. ನಮ್ಮ ದೇಶದಲ್ಲಿ ರಾಣಿಖೇತ್ ರೋಗವೆಂದು ಹೆಸರಾಯಿತು. ಅದರ ಲಕ್ಷಣಗಳನ್ನು ಕೇಳಿ. ಕೋಳಿ ಮಂಕಾಗುತ್ತದೆ. ಬಾಯಿ ತೆರೆದು ಗೊರಗೊರ ಉಸಿರಾಡುತ್ತದೆ. ಹಸಿರು ಬಣ್ಣದ ನೀರಿನಂಥ ಹಿಕ್ಕೆ. ಕೊಕ್ಕಿನಿಂದ ಜೊಲ್ಲು. ಮೇವಿನ ಚೀಲದಲ್ಲಿ ಹುಳಿ ನೀರು, ಗಾಳಿ ತುಂಬಿ ಉಬ್ಬುತ್ತದೆ. ಬದುಕಿದ ಕೆಲವು ಕತ್ತು ತಿರುಚಿಕೊಂಡು ಸುತ್ತುತ್ತವೆ. ಲಸಿಕೆ ಕಾಣದ ಊರಿನಲ್ಲಿ ಹತ್ತಕ್ಕೆ ಎಂಟೊಂಬತ್ತು ಸತ್ತರೂ ಆಶ್ಚರ್ಯವಿಲ್ಲ.

ಈಗ ಮೊದಲು ಹೇಳಿದ ಬೆಳಗಿನ ಚಿತ್ರಕ್ಕೆ ಈ ಲಕ್ಷಣಗಳನ್ನು ಸೇರಿಸಿ ನೋಡಿ. ಮನೆಯಾಕೆ ಒಂದು ಹ್ಯಾಟೆಯ ಉಬ್ಬಿದ ಚೀಲ ನೀವುತ್ತಾ, ತಲೆಕೆಳಗು ಮಾಡಿ ಹುಳಿ ನೀರು ಹಿಂಡುತ್ತಾ ಕೂತಿದ್ದಾಳೆ. ಆ ನೀರು, ಆ ಜೊಲ್ಲು, ಆ ಹಿಕ್ಕೆ ಎಲ್ಲದರಲ್ಲೂ ವೈರಸ್ಸು. ಅದು ಕೈಗೆ ಅಂಟಿ, ಸೆರಗಿಗೆ ಅಂಟಿ, ಅದೇ ಕೈಯಿಂದ ಉಳಿದ ಕೋಳಿಗಳಿಗೆ ನುಚ್ಚು. ಸಾರಿಗೆಂದು ಕೊಯ್ದರೆ ಗರಿ ಕರುಳು ತಿಪ್ಪೆಗೆ. ತಿಪ್ಪೆಗೆ ಊರ ಕೋಳಿಗಳೆಲ್ಲ. ಇಲ್ಲವೆ “ಸಾಯೋ ಮೊದಲು ಮಾರಿಬಿಡೋಣ” ಅಂತ ಸಂತೆಗೆ. ಸಂತೆಯಿಂದ ಹತ್ತು ಊರಿಗೆ. ಚೀಲಕ್ಕೆ ಚಿಕಿತ್ಸೆ ನಡೆಯುತ್ತಿದ್ದ ಹಾಗೇ ರೋಗ ಊರು ತಿರುಗಿಬರುತ್ತದೆ. ನಾಲಿಗೆಯ ಪೊರೆ ಕಿತ್ತವರ ಕಥೆ ನೆನಪಾಯಿತೆ?

ಹಾಗಂತ ಎಲ್ಲಾ ಹುಳಿ ನೀರೂ ಕೊಕ್ಕರೆ ರೋಗವೇ ಎಂದು ಹೆದರಬೇಕಾಗಿಲ್ಲ. ಮುಗ್ಗು ಹಿಡಿದ ಹಿಟ್ಟು, ಹಳಸಿದ ಅನ್ನ, ಕೊಳಕು ನೀರು ಇವುಗಳಿಂದ ಚೀಲದಲ್ಲಿ ಒಂದು ಬಗೆಯ ಬೂಷ್ಟು ಬೆಳೆಯುತ್ತದೆ. ಎಳೆಮಕ್ಕಳ ಬಾಯಲ್ಲಿ ಬಿಳಿ ಅಗ್ರ ಬರುತ್ತದಲ್ಲ, ಅದರದೇ ಜಾತಿ. ಕೋಳಿಗೆ ಬಹಳ ದಿನ ಜೀವಿರೋಧಕ ಔಷಧ ಹಾಕಿದರೂ ಇದು ಹೆಚ್ಚುತ್ತದೆ. ಇದಕ್ಕೆ ಹಳಬರು ಕೊಡುತ್ತಿದ್ದುದು ಮೈಲುತುತ್ತದ ನೀರು, ಎರಡು ಸಾವಿರ ಪಾಲು ನೀರಿಗೆ ಒಂದು ಪಾಲು. ಮೈಲುತುತ್ತ ನಮ್ಮ ಅಡಿಕೆ ಬೆಳೆಗಾರರಿಗೆ ಹೊಸದಲ್ಲ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಡಾ. ಕೋಲ್ಮನ್ನರು ೨೦ನೆಯ ಶತಮಾನದ ಆರಂಭದಲ್ಲೇ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನು ಕಲಿಸಿದ್ದರು. ಆದರೆ ಅಡಿಕೆಗೊನೆಗೆ ಹೊಡೆಯುವುದು ಬೇರೆ, ಕೋಳಿಯ ಹೊಟ್ಟೆಗೆ ಹಾಕುವುದು ಬೇರೆ. ಅಂದಾಜಿನ ಮೇಲೆ ಹಾಕಿದರೆ ವಿಷ. ವೈದ್ಯರು ತೂಕ ಹೇಳದೆ ಮುಟ್ಟಲೇಬೇಡಿ.

ಆ ಬೂಷ್ಟಿಗೆ ಒಳ್ಳೆಯ ಮದ್ದು ಸಿಕ್ಕಿದ್ದು ಒಂದು ದನದ ಕೊಟ್ಟಿಗೆಯ ಮಗ್ಗುಲಿನ ಮಣ್ಣಿನಲ್ಲಿ! ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ ಎಲಿಜಬೆತ್ ಹೇಜನ್, ರೇಚೆಲ್ ಬ್ರೌನ್ ಎಂಬ ಇಬ್ಬರು ಮಹಿಳೆಯರಿದ್ದರು. ಹೇಜನ್ ಊರೂರಿನ ಮಣ್ಣು ತಂದು ಅದರ ಸೂಕ್ಷ್ಮಜೀವಿಗಳನ್ನು ಬೆಳೆಸುತ್ತಿದ್ದರು. ಬ್ರೌನ್ ಅದರಿಂದ ಮದ್ದಿನ ಸಾರ ತೆಗೆಯುತ್ತಿದ್ದರು. ಇಬ್ಬರೂ ಬೇರೆ ಬೇರೆ ಊರಲ್ಲಿ. ಸೀಸೆಗಳು ಅಂಚೆಯಲ್ಲಿ ಹೋಗಿ ಬರುತ್ತಿದ್ದವು. ವರ್ಜೀನಿಯದ ಪರಿಚಯದವರ ಹೈನು ಹೊಲದ ಮಣ್ಣಿನಲ್ಲಿ ಬೂಷ್ಟನ್ನು ಕೊಲ್ಲುವ ಪದಾರ್ಥ ದೊರೆಯಿತು. ೧೯೫೦ರಲ್ಲಿ ಅದನ್ನು ಪ್ರಕಟಿಸಿ, ತಮ್ಮ ರಾಜ್ಯದ ಹೆಸರಿನ ಮೇಲೆ ನಿಸ್ಟಾಟಿನ್ ಎಂದು ಕರೆದರು. ಬಂದ ಗೌರವಧನವನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ವಿಜ್ಞಾನ ಕಾರ್ಯಕ್ಕೆ ಬಿಟ್ಟುಕೊಟ್ಟರು. ಮನುಷ್ಯರಿಗೂ ಕೋಳಿಗೂ ಆ ಮದ್ದು ಇವತ್ತಿಗೂ ನಡೆಯುತ್ತಿದೆ.

ಇಷ್ಟು ಕಥೆ ಕೇಳಿದ ಮೇಲೆ, ಎದೆ ಉಬ್ಬಿದ ಕೋಳಿ ಸಿಕ್ಕಾಗ ಮಾಡಬೇಕಾದ್ದು ತಾನಾಗಿಯೇ ತಿಳಿಯುತ್ತದೆ. ಮೊದಲು ಚೀಲವನ್ನಲ್ಲ, ಗೂಡನ್ನು ನೋಡಿ. ಇನ್ನೊಂದು ಕೋಳಿಯೂ ಮಂಕಾಗಿದೆಯೆ? ಹಿಕ್ಕೆ ಹಸಿರೆ? ಉಸಿರಿಗೆ ಕಷ್ಟವೆ? ಪಕ್ಕದ ಮನೆಯಲ್ಲಿ ಸತ್ತಿವೆಯೆ? ಇದ್ದರೆ ಚೀಲದ ಕಡೆ ಕೈ ಹಾಕದೆ, ಕಾಯಿಲೆಯವನ್ನು ಮಂಕರಿ ಮುಚ್ಚಿ ಬೇರೆ ಮಾಡಿ, ಕೈ ತೊಳೆದು, ಪಶುವೈದ್ಯರಿಗೆ ಹೇಳಿಕಳಿಸಿ. ಒಮ್ಮೆಗೇ ಅನೇಕ ಕೋಳಿ ಸತ್ತರಂತೂ ಮುಟ್ಟಬೇಡಿ, ತಿನ್ನಬೇಡಿ. ೨೦೦೬ರಲ್ಲಿ ಮಹಾರಾಷ್ಟ್ರದ ನವಾಪುರದಲ್ಲಿ ಕಾಣಿಸಿಕೊಂಡ ಹಕ್ಕಿಜ್ವರ ಮನುಷ್ಯರಿಗೂ ಬರಬಲ್ಲ ರೋಗ. ಬಿತ್ತನೆಗೆ ಔಷಧ ಹಚ್ಚಿದ ಕಾಳೇನಾದರೂ ಕೋಳಿ ತಿಂದಿತೋ ಎಂಬುದನ್ನೂ ಮನೆಯವರನ್ನು ಕೇಳಿ. ಅದು ವಿಷದ ಕೆಲಸ. ಆಗಲೂ ಎಣ್ಣೆ ಕೆಲಸಕ್ಕೆ ಬಾರದು.

ಉಳಿದವೆಲ್ಲ ಚುರುಕಾಗಿದ್ದು ಒಂದೇ ಕೋಳಿಗೆ ಹೀಗಾಗಿದ್ದರೆ ಆಗ ಚೀಲ ಮುಟ್ಟಿ. ನಾದಿದ ಹಿಟ್ಟಿನಂತೆ ಗಟ್ಟಿಯಾಗಿದ್ದರೆ ಒಣ ಹುಲ್ಲೋ, ಬಾಳೆನಾರೋ, ಗೋಣಿ ದಾರವೋ, ಈಗಿನ ಕಾಲದ ಪ್ಲಾಸ್ಟಿಕ್ಕೋ ಗಂಟು ಬಿದ್ದಿರಬೇಕು. ಒಂದು ದಿನ ಮೇವು ನಿಲ್ಲಿಸಿ, ಶುದ್ಧ ನೀರು ಮಾತ್ರ ಇಡಿ. ಕೊಬ್ಬರಿ ಎಣ್ಣೆಯನ್ನು ಕೊಕ್ಕಿನ ಪಕ್ಕದಿಂದ ತೊಟ್ಟು ತೊಟ್ಟಾಗಿ, ಒಂದು ಸಣ್ಣ ಚಮಚದಷ್ಟು, ಅದು ತಾನೇ ನುಂಗುವ ಹಾಗೆ ಬಿಡಿ. ಆಮೇಲೆ ಕೋಳಿಯನ್ನು ನೆಟ್ಟಗೆ ಹಿಡಿದು ಬೆರಳಿನಿಂದ ಮೆಲ್ಲಗೆ ನೀವಿ. ತಲೆಕೆಳಗು ಮಾಡುವುದು ಬೇಡವೇ ಬೇಡ. ಕೋಳಿಯ ಉಸಿರಿನ ಬಾಯಿ ನಾಲಿಗೆಯ ಬುಡದಲ್ಲೇ ತೆರೆದುಕೊಂಡಿದೆ. ಹಿಂಡಿದ ನೀರು ಅಲ್ಲಿಗೆ ನುಗ್ಗಿತೆಂದರೆ ನಿಮ್ಮ ಕೈಯಲ್ಲೇ ಪ್ರಾಣ ಬಿಡುತ್ತದೆ. ರೋಗಕ್ಕಿಂತ ಈ ಚಿಕಿತ್ಸೆಯಿಂದ ಸತ್ತ ಕೋಳಿಗಳೂ ಉಂಟು. ನೀರು ತುಂಬಿದ ಬುರುಡೆಯಂತೆ ತೊಳಕಾಡುತ್ತಾ ಬಾಯಿ ಹುಳಿ ನಾತ ಹೊಡೆದರೆ ಎಣ್ಣೆಯೂ ಬೇಡ, ಹಿಂಡುವುದೂ ಬೇಡ. ವೈದ್ಯರ ಮದ್ದೇ ಸರಿ. ಎರಡು ದಿನದಲ್ಲಿ ಬೆಳಿಗ್ಗೆ ಚೀಲ ಖಾಲಿಯಾಗದಿದ್ದರೆ ಯಾವ ಬಗೆಯದಾದರೂ ಆಸ್ಪತ್ರೆಗೆ ಒಯ್ಯಿರಿ. ಕಟ್ಟಿಹಾಕಿ ಸಾಕುವ ಕೋಳಿಗೆ ದಪ್ಪ ಮರಳು, ಸಣ್ಣ ಹರಳು ಒಂದು ಚಿಪ್ಪಿನಲ್ಲಿ ಇಟ್ಟಿರಬೇಕು. ಬೀಸುಕಲ್ಲಿಗೆ ಹಲ್ಲು ಅದೇ. ಬಿಟ್ಟು ಮೇಯುವ ಕೋಳಿ ತಾನೇ ಹುಡುಕಿಕೊಳ್ಳುತ್ತದೆ.

ಕೊಕ್ಕರೆ ರೋಗಕ್ಕೆ ಮದ್ದಿಲ್ಲ, ಲಸಿಕೆ ಉಂಟು. ರಾಣಿಖೇತಕ್ಕೆ ದೂರವಲ್ಲದ ಮುಕ್ತೇಶ್ವರದ ಬೆಟ್ಟದ ಮೇಲೆ ೧೮೯೩ರಿಂದ ನಡೆದುಬಂದ ಪಶುರೋಗ ಸಂಶೋಧನಾಲಯವಿದೆ. ಅಲ್ಲಿ ೧೯೪೦ರ ದಶಕದಲ್ಲಿ ಈ ವೈರಸ್ಸನ್ನು ಕೋಳಿಮೊಟ್ಟೆಯಿಂದ ಮೊಟ್ಟೆಗೆ ಹಾಯಿಸಿ ಹಾಯಿಸಿ ಅದರ ಸೊಕ್ಕು ಇಳಿಸಿ ಲಸಿಕೆ ಮಾಡಿದರು. ಆರರಿಂದ ಎಂಟು ವಾರ ತುಂಬಿದ ಕೋಳಿಗೆ ಇಂದಿಗೂ ಚುಚ್ಚುವುದು ಆ ಮುಕ್ತೇಶ್ವರದ ತಳಿಯನ್ನೇ. ಎಳೆ ಮರಿಗೆ ಅದು ಜೋರಾಗುತ್ತದೆ. ಮೊದಲ ವಾರದಲ್ಲಿ ಅವಕ್ಕೆ ಬೇರೆ ಸೌಮ್ಯ ಲಸಿಕೆಯನ್ನು ಕಣ್ಣಿಗೋ ಮೂಗಿಗೋ ಹನಿಸುತ್ತಾರೆ. ಕಷ್ಟವೇನೆಂದರೆ ಈ ಲಸಿಕೆಗಳು ತಂಪಿನಲ್ಲೇ ಇರಬೇಕು. ಬಿಸಿಲಲ್ಲಿ ಬಸ್ಸಿನಲ್ಲಿ ತಂದರೆ ಬರೀ ನೀರು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಪೀಟರ್ ಸ್ಪ್ರಾಡ್‌ಬ್ರೋ ಎಂಬವರು ಹಳ್ಳಿಯ ಕೋಳಿಗಳಿಗೆಂದೇ ಬಿಸಿಲನ್ನು ಹೆಚ್ಚು ತಾಳುವ ಲಸಿಕೆಗಾಗಿ ವರ್ಷಗಟ್ಟಲೆ ದುಡಿದರು. ಆ ಲಸಿಕೆ ಆಫ್ರಿಕ, ಏಷ್ಯಗಳ ಎಷ್ಟೋ ಹಳ್ಳಿಗಳಿಗೆ ಹೋಯಿತು. ಅಲ್ಲಿ ಊರಿನ ಹೆಂಗಸರೇ ಕಲಿತು, ನಾಲ್ಕು ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಕೋಳಿಯ ಕಣ್ಣಿಗೆ ಒಂದೊಂದು ಹನಿ ಬಿಡುತ್ತಾರೆ.

ನಮ್ಮಲ್ಲಿ ಲಸಿಕೆಯ ಒಂದು ಸೀಸೆ ಒಡೆದರೆ ನೂರು ಕೋಳಿಗಾದರೂ ಸಾಲುತ್ತದೆ, ಒಡೆದ ಮೇಲೆ ಒಂದೆರಡು ಗಂಟೆಯೊಳಗೆ ಮುಗಿಸಬೇಕು. ಐದು ಕೋಳಿ ಇರುವ ಒಂದು ಮನೆಯವರು ಕೇಳಿದರೆ ವೈದ್ಯರಿಗೂ ಕಷ್ಟ. ಕೇರಿಯ ಇಪ್ಪತ್ತು ಮನೆಯವರು ಮಾತಾಡಿಕೊಂಡು ಒಂದು ದಿನ ಗೊತ್ತುಮಾಡಿ, ಬೇಸಿಗೆ ಏರುವ ಮೊದಲೇ ಆಸ್ಪತ್ರೆಯವರಿಗೆ ತಿಳಿಸಿ. ಹಿಂದಿನ ಸಂಜೆ ಕೋಳಿಗಳನ್ನು ಗೂಡಿನಲ್ಲೇ ಕೂಡಿಟ್ಟಿರಿ. ಬೆಳಕು ಹರಿದ ಮೇಲೆ ಹಿಡಿಯಹೋದರೆ ಒಂದೂ ಕೈಗೆ ಸಿಕ್ಕುವುದಿಲ್ಲ. ಲಸಿಕೆ ಹಾಕಿಸಲು ಎತ್ತಿಕೊಂಡಾಗ ಪ್ರತಿಯೊಂದರ ಮೇವಿನ ಚೀಲವನ್ನೂ ಒಮ್ಮೆ ಮುಟ್ಟಿ ನೋಡಿ. ತುಂಬಿದೆ ಅನ್ನಿಸಿದ್ದನ್ನು ವೈದ್ಯರ ಕೈಗೆ ಕೊಟ್ಟು, ಅವರು ನೋಡುವ ತನಕ ಅದಕ್ಕೆ ಲಸಿಕೆ ಬೇಡವೆನ್ನಿ. ಕಾಯಿಲೆ ಇರುವ ಕೋಳಿಗೆ ಲಸಿಕೆ ಹಾಕುವುದಿಲ್ಲ.